ವೈಂಡಿಂಗ್ ಮಾವನ ಮೀಟರು

ಕಳೆದ ತಿಂಗಳು ನಮ್ಮ ಮನೆಯ ನೀರಿನ ಮೋಟಾರು ಸುಟ್ಟುಹೋಯಿತು. ಬಿಚ್ಚಿಕೊಂಡು ಬಸ್ ಸ್ಟ್ಯಾಂಡಿನ ಹಿಂದಿರುವ ವೈಂಡಿಂಗ್ ಅಂಗಡಿಗೆ ಹೋದೆ. ಅಂಗಡಿಯವನು ಯಾರದೋ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹೊಯ್ದು, ಒಣಗಲು ಬಿಸಿ ಪೆಟ್ಟಿಗೆಯಲ್ಲಿ ಇಟ್ಟಿದ್ದ. ಪೆಟ್ಟಿಗೆಯ ಬಾಗಿಲು ತೆಗೆದ ಕೂಡಲೇ ಬಿಸಿ ವಾರ್ನಿಷ್ ವಾಸನೆ ಮುಖಕ್ಕೆ ರಾಚಿತು. ಸ್ವಲ್ಪ ಸಿಹಿ, ಸ್ವಲ್ಪ ಸೀದದ್ದು, ಗಂಟಲಲ್ಲೇ ಕೂತುಬಿಡುವ ವಾಸನೆ. ನಾನು ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

"ಯಾಕ್ ಸಾರ್, ಆಗ್ಬರಲ್ವಾ?" ಎಂದ ಅವನು.

ಆಗಿಬರದೆ ಏನು... ನನಗೆ ಇಷ್ಟು ವರ್ಷ ಅನ್ನ ಹಾಕಿದ ವಾಸನೆ ಅದು.

ದೊಡ್ಡಬಳ್ಳಾಪುರದಲ್ಲಿ ನನ್ನದೊಂದು ಸಣ್ಣ ಕಾರು ರಿಪೇರಿ ಅಂಗಡಿ ಇದೆ. ಓಡುತ್ತ ಓಡುತ್ತ ನಿಂತುಬಿಡುವ ಕಾರು, ಸೆಲ್ಫ್ ತಿರುಗಿದರೂ ಸ್ಟಾರ್ಟ್ ಆಗದ ಕಾರು, ಬೇರೆಯವರು ನೋಡಿ ನೋಡಿ ಕೈಬಿಟ್ಟ ಕಾರು, ಎಲ್ಲ ನನ್ನ ಹತ್ತಿರ ಬರುತ್ತವೆ. "ಈ ಊರಲ್ಲಿ ಕ್ರ್ಯಾಂಕ್ ಸೆನ್ಸರ್ ಕಾಯಿಲೆ ಮೊದಲು ಹಿಡಿದವನೇ ಇವನು" ಎಂದು ಹಳಬರು ಹೊಸಬರಿಗೆ ಹೇಳುತ್ತಾರೆ. ನಾನು ಹೌದು ಅನ್ನುತ್ತಿರಲಿಲ್ಲ, ಅಲ್ಲ ಅಂತಲೂ ಅನ್ನುತ್ತಿರಲಿಲ್ಲ. ಕೆಳಗೆ ಬಿದ್ದ ಸ್ಪ್ಯಾನರ್ ಹುಡುಕುವವನಂತೆ ಬಗ್ಗಿಬಿಡುತ್ತಿದ್ದೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹೀಗೇ ಬಗ್ಗಿದ್ದೇನೆ.

ನಿಜವಾಗಿ ಹಿಡಿದವರು ನಮ್ಮ ಬೀದಿಯ ವೈಂಡಿಂಗ್ ಮಾವ. ರಕ್ತಸಂಬಂಧವೇನೂ ಇಲ್ಲ. ನೇಯುವವರ ಬೀದಿಯಲ್ಲಿ ದೊಡ್ಡವರೆಲ್ಲ ಮಾವ, ಅವರ ಹೆಂಡತಿಯರೆಲ್ಲ ಅತ್ತೆ. ಇವರು ಮಾತ್ರ ನೇಯುತ್ತಿರಲಿಲ್ಲ. ಮಗ್ಗಗಳ ಮೋಟಾರು ಸುಟ್ಟರೆ ಹಳೆಯ ತಂತಿ ಕಿತ್ತು ಹೊಸದು ಸುತ್ತಿಕೊಡುತ್ತಿದ್ದರು. ನಮ್ಮ ಮನೆಯ ಎದುರು ಸಾಲಿನಲ್ಲಿ, ನಾಲ್ಕು ಬಾಗಿಲು ಆಚೆ, ಒಂದು ಕೋಣೆಯೇ ಅವರ ಅಂಗಡಿ. ಬೆಳಗಿನಿಂದ ಸಂಜೆವರೆಗೂ ಬಾಗಿಲಿಗೆ ಮುಖ ಮಾಡಿ ಕೂತು ತಂತಿ ಸುತ್ತುತ್ತಿದ್ದರು. ಸುತ್ತುವಾಗ ಎಣಿಕೆ ತಪ್ಪಬಾರದೆಂದು ಯಾರು ಕರೆದರೂ ಓಗೊಡುತ್ತಿರಲಿಲ್ಲ. ಓಗೊಡುವುದಕ್ಕೆ ಕೇಳಿಸುತ್ತಲೂ ಇರಲಿಲ್ಲ ಅನ್ನಿ. ಹರೆಯದಲ್ಲಿ ಹತ್ತು ವರ್ಷ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿದು ಅವರ ಎರಡೂ ಕಿವಿ ಹೋಗಿದ್ದವು.

ಅದೇನು ದೊಡ್ಡ ಕೊರತೆ ಅಂತ ನಮ್ಮ ಬೀದಿಯಲ್ಲಿ ಯಾರಿಗೂ ಅನಿಸುತ್ತಿರಲಿಲ್ಲ. ಎರಡೂ ಕಡೆ ಮನೆಮನೆಯಲ್ಲೂ ಮಗ್ಗ ಬಡಿಯುತ್ತಿದ್ದಾಗ ಕಿವಿ ಇದ್ದವರಿಗೂ ಕೇಳಿಸುತ್ತಿದ್ದದ್ದು ಅಷ್ಟರಲ್ಲೇ ಇತ್ತು. ಎಲ್ಲರೂ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು. ನಮ್ಮಮ್ಮ ಶೆಡ್ಡಿನ ಈ ತುದಿಯಲ್ಲಿ ನಿಂತು ಆ ತುದಿಯಲ್ಲಿದ್ದವರ ಮನೆಯ ಸಾರು ಏನೆಂದು ವಿಚಾರಿಸುತ್ತಿದ್ದರು. ಕರೆಂಟ್ ಹೋಗಿ ಬೀದಿಯೆಲ್ಲ ಒಮ್ಮೆಲೇ ಸುಮ್ಮನಾದಾಗಲೂ ಹೆಂಗಸರು ಅಭ್ಯಾಸಬಲದಿಂದ ದನಿಯಿಲ್ಲದೆ ಬರೀ ತುಟಿ ಆಡಿಸುತ್ತ ನಿಂತಿರುತ್ತಿದ್ದರು. ಹೊಸದಾಗಿ ಬಂದ ಅಳಿಯಂದಿರು ಅದನ್ನು ನೋಡಿ ನಗುತ್ತಿದ್ದರು.

ನಾನು ಮಗ್ಗಕ್ಕೆ ಕೂರಲಿಲ್ಲ, ಡ್ರೈವಿಂಗ್ ಕಲಿತೆ. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮೂರಿನ ಸೀರೆ ವ್ಯಾಪಾರಿಯೊಬ್ಬರ ಹತ್ತಿರ ಕೆಲಸಕ್ಕಿದ್ದೆ. ಯಜಮಾನರು ಅಂತಲೇ ಕರೆಯುತ್ತಿದ್ದೆವು. ನಮ್ಮಪ್ಪನೂ ಅವರ ಶೆಡ್ಡಿನಲ್ಲೇ ಮಗ್ಗ ಓಡಿಸಿ ವಯಸ್ಸಾದವನು. ಯಜಮಾನರು ಆಗಷ್ಟೇ ಹೊಸ ಕಾರು ತಂದಿದ್ದರು. ಕಾರ್ಬ್ಯುರೇಟರ್ ಇಲ್ಲ, ಪೆಟ್ರೋಲನ್ನು ಕಂಪ್ಯೂಟರ್ ಅಳೆದು ಬಿಡುತ್ತದೆ ಎಂದು ಮನೆಗೆ ಬಂದವರಿಗೆಲ್ಲ ಬಾನೆಟ್ ಎತ್ತಿ ತೋರಿಸುತ್ತಿದ್ದರು. ಎತ್ತುವವನು ನಾನು, ತೋರಿಸುವವರು ಅವರು.

ಒಂದು ವರ್ಷ ಚೆನ್ನಾಗಿಯೇ ಓಡಿತು. ಆಮೇಲೊಂದು ಬೇಸಿಗೆಯಲ್ಲಿ ಯಜಮಾನರ ಹೆಂಡತಿಯನ್ನು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಕಡೆ ಅವರ ತಂಗಿಯ ಮನೆಗೆ ಕರೆದೊಯ್ಯುತ್ತಿದ್ದೆ. ದೇವನಹಳ್ಳಿ ದಾಟಿ, ನಲ್ಲೂರು ಹುಣಸೆತೋಪಿನ ಹತ್ತಿರ ಬರುವಾಗ ಎಂಜಿನ್ ಉಸಿರು ನಿಂತ ಹಾಗೆ ನಿಂತುಬಿಟ್ಟಿತು. ಕೆಮ್ಮಲಿಲ್ಲ, ಎಳೆದಾಡಲಿಲ್ಲ. ಸೆಲ್ಫ್ ಹೊಡೆದರೆ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಅಮ್ಮಾವರನ್ನು ಹುಣಸೆ ಮರದ ನೆರಳಲ್ಲಿ ಕೂರಿಸಿ ನನಗೆ ತಿಳಿದಿದ್ದನ್ನೆಲ್ಲ ಅಲ್ಲಾಡಿಸಿ ನೋಡಿದೆ. ಮುಕ್ಕಾಲು ಗಂಟೆ ಕಳೆದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು. ಆ ತಿಂಗಳಲ್ಲಿ ಇದೇ ಥರ ಇನ್ನೂ ನಾಲ್ಕು ಸಲ ನಿಂತಿತು.

ನಮ್ಮೂರಿನಲ್ಲಿ ಹೆಸರಾಂತ ಮೆಕ್ಯಾನಿಕ್ ಒಬ್ಬರಿದ್ದರು. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿ ಕೇಳಿ ರೋಗ ಹೇಳುತ್ತಿದ್ದರು. ಅವರು ಕೇಳಿ, "ಎಂಜಿನ್ ಬಂಗಾರ ಇದ್ದಂಗಿದೆ" ಅಂದರು. ಬೆಂಗಳೂರಿನ ವರ್ಕ್‌ಶಾಪಿಗೆ ಒಯ್ದೆವು. ಅಲ್ಲಿ ಕಾರನ್ನು ಒಂದು ರಾತ್ರಿ ಇರಿಸಿಕೊಂಡು, ಬೆಳಿಗ್ಗೆ ತಣ್ಣಗಿದ್ದಾಗ ಪರೀಕ್ಷಿಸಿದರು. ಎಲ್ಲವೂ ಸರಿಯಾಗಿಯೇ ಕಂಡಿತು. ಅಲ್ಲಿನ ಹುಡುಗನೊಬ್ಬ ಬಗ್ಗಿ ನೋಡುತ್ತ "ಕಾಯಿಲ್ ಓಕೆ, ಪಂಪ್ ಓಕೆ, ಕ್ರ್ಯಾಂಕ್ ಸೆನ್ಸರ್ ಓಕೆ" ಎಂದು ಬೆರಳು ತೋರಿಸುತ್ತ ಒಪ್ಪಿಸಿದ್ದು ನೆನಪಿದೆ. ಹೊರಡುವಾಗ ಅವನ ಮೇಲಿನ ಮೇಸ್ತ್ರಿ ಯಜಮಾನರಿಗೆ, "ಪೆಟ್ರೋಲ್ ಮಾತ್ರ ಒಳ್ಳೇದು ಹಾಕ್ಸಿ ಸಾರ್" ಅಂದ. ಅವನು ಸಹಜವಾಗಿ ಹೇಳಿದ ಆ ಒಂದು ಮಾತು ನನ್ನ ತಲೆ ಮೇಲೆ ಬಂದು ಕೂತಿತು.

ಆಗೆಲ್ಲ ಪೆಟ್ರೋಲು ಹೀರಿ ಮಾರಿ, ಟ್ಯಾಂಕಿಗೆ ಸೀಮೆಎಣ್ಣೆ ಬೆರೆಸುವ ಡ್ರೈವರುಗಳು ಇಲ್ಲದೆ ಇರಲಿಲ್ಲ. ಊರಿಗೆ ಬಂದ ಮೇಲೆ ಯಜಮಾನರು ಕಾರಿನಿಂದ ಇಳಿಯುತ್ತ, "ನಿಮ್ಮನೇಲಿ ಸೀಮೆಎಣ್ಣೆ ಸ್ಟೌವೇ ಅಲ್ವೇನಯ್ಯ ಇರೋದು?" ಎಂದರು. ನನಗೆ ತಿಳಿಯಲು ಎರಡು ಕ್ಷಣ ಬೇಕಾಯಿತು. ತಿಳಿದ ಮೇಲೆ ಅವರ ಹಿಂದೆಯೇ ಓಡಿದೆ.

"ಯಜಮಾನ್ರೇ, ನಮ್ಮಪ್ಪನಾಣೆಗೂ..."

"ನಿಮ್ಮಪ್ಪನ್ನ ಮಧ್ಯ ತರ್ಬೇಡ. ನಾನು ಸೀರೆ ತರೋಕೆ ಧರ್ಮಾವರಕ್ಕೆ ಬಸ್ಸಲ್ಲೇ ಹೋಗ್ತೀನಿ. ಮೂರು ದಿನಕ್ಕೆ ವಾಪಸ್ ಬರ್ತೀನಿ, ಅವತ್ತು ಬೀಗದ ಕೈ ಕೊಟ್ಟು ಹೋಗು. ಅಲ್ಲೀತನಕ ಗಾಡೀನ ಯಾವನೂ ಮುಟ್ಟಕೂಡದು."

ಕೆಲಸ ಹೋಗುವುದು ಒಂದು ಮಾತು. ಸೀಮೆಎಣ್ಣೆ ಡ್ರೈವರ್ ಎಂಬ ಹೆಸರು ಹೊತ್ತು ಹೋಗುವುದು ಬೇರೆ. ದೊಡ್ಡಬಳ್ಳಾಪುರ ಎಷ್ಟು ದೊಡ್ಡದು? ಆ ಹೆಸರಿನವನಿಗೆ ಇನ್ಯಾರೂ ಗಾಡಿ ಕೊಡುವುದಿಲ್ಲ. ಅಪ್ಪನಂತೂ ಶೆಡ್ಡಿನ ಕಡೆ ತಲೆ ಎತ್ತಿಕೊಂಡು ಹೋಗುವ ಹಾಗಿರಲಿಲ್ಲ. ಮೂರು ದಿನ ಇತ್ತು ನನ್ನ ಕೈಯಲ್ಲಿ.

ಮನೆಗೆ ಬಂದು ಜಗುಲಿಯ ಮೇಲೆ ಕೂತಿದ್ದೆ. ಎದುರು ಸಾಲಿನಿಂದ ಮಾವ ಕೈ ಬೀಸಿ ಕರೆದರು. ಕಿವುಡರಲ್ಲವೇ, ಎಲ್ಲರ ಮುಖವನ್ನೂ ಓದುತ್ತಿದ್ದರು.

"ಏನ್ಲಾ ಅಳಿಯ, ಮೋಟಾರ್ ಸುಟ್ಟೋಗಿರೋ ಮುಖ ಮಾಡ್ಕೊಂಡಿದೀಯ?" ಅಂದರು.

ಎದುರು ಕೂತು ಎಲ್ಲ ಹೇಳಿದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಮುಗಿದ ಮೇಲೆ ಕೇಳಿದ್ದು ಮೂರೇ ಪ್ರಶ್ನೆ. ನಿಂತಾಗ ಸೆಲ್ಫ್ ತಿರುಗುತ್ತಾ? ತಿರುಗುತ್ತೆ. ತಣ್ಣಗಾದ್ರೆ ಹತ್ಕೊಳ್ಳುತ್ತಾ? ಹತ್ಕೊಳ್ಳುತ್ತೆ. ನಿಲ್ಲೋಕೆ ಮುಂಚೆ ಕೆಮ್ಮುತ್ತಾ? ಇಲ್ಲ.

"ಸೀಮೆಎಣ್ಣೆ ಆಗಿದ್ರೆ ತಣ್ಣಗಿದ್ದಾಗ್ಲೂ ಕೆಮ್ಮೋದು ಕಣೋ. ಇದು ಎಲ್ಲೋ ಸುತ್ತು ಬಿಟ್ಟಿರೋದು. ಬಿಸಿಯಾದ್ರೆ ತಂತಿ ಬಿಟ್ಕೊಳ್ಳುತ್ತೆ, ಆರಿದ್ರೆ ಸೇರ್ಕೊಳ್ಳುತ್ತೆ. ಇಂಥ ಮೋಟಾರು ತಿಂಗಳಿಗೆ ಎರಡು ಬರ್ತವೆ ನನ್ಹತ್ರ. ನಿನ್ ಕಾರಲ್ಲಿ ಎಲ್ಲೆಲ್ಲಿ ಸುತ್ತು ಐತೆ, ತೋರ್ಸು."

ಯಾವನೂ ಮುಟ್ಟಕೂಡದು ಅಂದಿದ್ದ ಗಾಡಿಯನ್ನು ಮರುದಿನ ಬೆಳಿಗ್ಗೆ ನಮ್ಮ ಬೀದಿಗೇ ತಂದು ನಿಲ್ಲಿಸಿದೆ. ಅದಕ್ಕೆ ಬೇಕಾದ ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ, ಹೆದರಿಕೆಯಿಂದಲೇ ಬಂದಿರಬೇಕು.

ಮಾವನ ಹತ್ತಿರ ಒಂದು ಮುಳ್ಳಿನ ಮೀಟರು ಇತ್ತು. ಕಪ್ಪು ಡಬ್ಬಿ, ಗಾಜಿನ ಒಂದು ಮೂಲೆ ಸೀಳಿತ್ತು, ಅದಕ್ಕೆ ಅತ್ತೆಯ ಬಿಂದಿ ಅಂಟಿಸಿದ್ದರು. ಮೋಟಾರಿನ ಸುತ್ತು ಕಡಿದಿದೆಯೋ ಇಲ್ಲವೋ ಎನ್ನುವುದನ್ನು ಅದರಲ್ಲೇ ನೋಡುತ್ತಿದ್ದರು. "ಜನ ಏನಾದ್ರೂ ಅನ್ನಲಿ, ಮುಳ್ಳು ಸುಳ್ಳು ಹೇಳಲ್ಲ" ಎನ್ನುವುದು ಅವರ ಮಾತು. ಮೊದಲು ಕಿಡಿ ಕೊಡುವ ಕಾಯಿಲಿಗೆ ಮೀಟರು ಹಿಡಿದರು. ಬಿಸಿಯಲ್ಲೂ ತಣ್ಣಗಿದ್ದಾಗಲೂ ಅದು ಸರಿಯಾಗಿತ್ತು. ಆಮೇಲೆ ಏನು ಅಂತ ಇಬ್ಬರೂ ಬಾನೆಟ್ ಒಳಗೆ ನೋಡುತ್ತ ನಿಂತೆವು. ಆಗ ನನಗೆ ವರ್ಕ್‌ಶಾಪಿನ ಹುಡುಗ ತೋರಿಸಿದ್ದು ನೆನಪಾಯಿತು. ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಕಡೆ, ಕೈ ಹೋಗುವುದೇ ಕಷ್ಟವಾದ ಜಾಗದಲ್ಲಿ, ಹೆಬ್ಬೆರಳಿನ ಗಾತ್ರದ ಕಪ್ಪು ಸಾಮಾನೊಂದನ್ನು ಒಂದೇ ಬೋಲ್ಟಿನಲ್ಲಿ ಬಿಗಿದಿದ್ದರು. ಅದರಿಂದ ಎರಡು ತಂತಿ ಹೊರಟಿದ್ದವು. ಕ್ರ್ಯಾಂಕ್ ಸೆನ್ಸರ್ ಎಂಬ ಹೆಸರು ನನಗೆ ಗೊತ್ತಿತ್ತು. ಅದು ಯಾತಕ್ಕೆ ಅಂತ ಗೊತ್ತಿರಲಿಲ್ಲ.

ಬಿಚ್ಚಿ ಕೊಟ್ಟೆ. ಮಾವ ಒರೆಸಿ, ಅದರ ಮೂತಿಯ ಹತ್ತಿರ ಒಂದು ಮೊಳೆ ಹಿಡಿದರು. ಟಕ್ ಎಂದು ಅಂಟಿಕೊಂಡಿತು. ಮೀಟರಿನ ಎರಡು ಕಡ್ಡಿಯನ್ನು ತಂತಿಗಳಿಗೆ ತಾಗಿಸಿದರು. ಮುಳ್ಳು ಎದ್ದು ನಡುವೆ ನಿಂತಿತು. ಆಮೇಲೆ ಮೀಟರಿನ ಗುಂಡಿ ತಿರುಗಿಸಿ, ಒಂದು ಕಬ್ಬಿಣದ ತುಂಡನ್ನು ಮೂತಿಯ ಮುಂದೆ ಬಿರಬಿರನೆ ಆಚೆ ಈಚೆ ಆಡಿಸಿದರು. ಮುಳ್ಳು ನಡುಗಿದ್ದು ಕಂಡೂ ಕಾಣದ ಹಾಗಿತ್ತು. ಮಾವನ ಮುಖ ಮಾತ್ರ ದೀಪ ಹಚ್ಚಿದಂತಾಯಿತು.

"ಮುಂದೆ ಆಯಸ್ಕಾಂತ, ಹಿಂದೆ ಸುತ್ತು. ಇದು ನಮ್ಮೋನೇ ಕಣೋ!" ಎಂದರು. "ಒಳಗೆ ಹಲ್ಲಿನ ಚಕ್ರ ತಿರುಗ್ತಾ ಇರ್ಬೇಕು ನೋಡು. ಒಂದೊಂದು ಹಲ್ಲು ಮುಂದೆ ಹಾದಾಗ್ಲೂ ಇದು ಒಂದು ಚಿಟಿಕೆ ಕರೆಂಟ್ ಕೊಡುತ್ತೆ. ಎಂಜಿನ್ ತಿರುಗ್ತಾ ಐತೆ, ಇಷ್ಟು ತಿರುಗಿದೆ ಅಂತ ಆ ನಿನ್ ಕಂಪ್ಯೂಟರಿಗೆ ಹೇಳೋನು ಇವನೇ. ಇವನು ಸುಮ್ನಾದ್ರೆ ಅದು ಎಂಜಿನ್ ನಿಂತೈತೆ ಅಂದ್ಕೊಂಡು ಪೆಟ್ರೋಲು, ಕಿಡಿ, ಎರಡೂ ನಿಲ್ಲಿಸ್ಬಿಡುತ್ತೆ."

ಯಾವ ಪುಸ್ತಕವನ್ನೂ ನೋಡದೆ, ಆ ಕಾರನ್ನು ಅದೇ ಮೊದಲ ಸಲ ಮುಟ್ಟಿದವರು ಇಷ್ಟನ್ನೂ ಹೇಳಿದರು. ಕಿವಿಗೆ ಸ್ಕ್ರೂಡ್ರೈವರ್ ಇಟ್ಟವರಿಗೆ ಇದು ಸಿಗದಿದ್ದುದರಲ್ಲಿ ಆಶ್ಚರ್ಯವಿಲ್ಲ. ಇದರಲ್ಲಿ ಕೇಳುವಂಥದ್ದೇ ಇರಲಿಲ್ಲ.

ಆದರೆ ತಣ್ಣಗಿದ್ದಾಗ ಸರಿಯಾಗಿಯೇ ಇದೆಯಲ್ಲ ಎಂದೆ. ಮಾವ ನಕ್ಕು ತಮ್ಮ ಬಲ್ಬಿನ ಪೆಟ್ಟಿಗೆ ಎಳೆದರು. ಅದೊಂದು ಹಳೆಯ ತಗಡಿನ ಟ್ರಂಕು. ಒಳಗೆ ನಾಲ್ಕು ದೊಡ್ಡ ಬಲ್ಬು ಹಾಕಿದ್ದರು. ವಾರ್ನಿಷ್ ಹೊಯ್ದ ಮೋಟಾರುಗಳನ್ನು ಒಣಗಿಸುತ್ತಿದ್ದದ್ದು ಅದರಲ್ಲೇ. ಸೆನ್ಸರಿಗೆ ಉದ್ದ ತಂತಿ ಕಟ್ಟಿ ಒಳಗಿಟ್ಟು, ತಂತಿಯ ತುದಿಯನ್ನು ಹೊರಗೆ ಮೀಟರಿಗೆ ಕೊಟ್ಟು, ಮುಚ್ಚಳ ಹಾಕಿ ಬಲ್ಬು ಉರಿಸಿದರು. ಅತ್ತೆ ಕಾಫಿ ತಂದುಕೊಟ್ಟರು. ನಾನು ಮುಳ್ಳನ್ನೇ ನೋಡುತ್ತ ಕೂತೆ. ಕಾಲು ಗಂಟೆ ಆಯಿತು, ಏನೂ ಇಲ್ಲ. ಅರ್ಧ ಗಂಟೆ. ಬೀದಿಯಲ್ಲಿ ಮಗ್ಗಗಳು ಬಡಿಯುತ್ತಲೇ ಇದ್ದವು. ಮುಗಿಯಿತು ನನ್ನ ಕಥೆ ಅಂದುಕೊಳ್ಳುವಷ್ಟರಲ್ಲಿ ಮುಳ್ಳು ಒಂದು ಸಲ ಅದುರಿ, ಪೂರ್ತಿ ಎಡಕ್ಕೆ ಬಿದ್ದು ಮಲಗಿಬಿಟ್ಟಿತು. ಸುತ್ತು ಕಡಿದಿತ್ತು. ಮುಚ್ಚಳ ತೆಗೆದು ಬೀಸಣಿಗೆಯಲ್ಲಿ ಗಾಳಿ ಹಾಕಿದೆವು. ಸ್ವಲ್ಪ ಹೊತ್ತಿಗೆ ಮುಳ್ಳು ತಾನಾಗಿಯೇ ಎದ್ದು ನಡುವೆ ನಿಂತಿತು. ನಾನು ಅತ್ತುಬಿಟ್ಟೆ, ನಾಚಿಕೆಯಿಲ್ಲದೆ. ಮಾವ ನನ್ನ ಬೆನ್ನಿಗೊಂದು ಗುದ್ದಿದರು.

ಹೊಸ ಸೆನ್ಸರ್ ಬೆಂಗಳೂರಿನಲ್ಲಿ ಕೇಳಿದರೆ ತರಿಸಬೇಕು, ಹದಿನೈದು ದಿನ ಅಂದರು. ಅಷ್ಟು ದಿನ ನನ್ನ ಹತ್ತಿರ ಇರಲಿಲ್ಲ. ಮಾವ ಅದರ ಹಿಂಬದಿಯ ಪ್ಲಾಸ್ಟಿಕ್ಕನ್ನು ಬಿಸಿ ಬ್ಲೇಡಿನಿಂದ ಸೀಳಿದರು. ಒಳಗೆ ಕೂದಲಿಗಿಂತ ಸಣ್ಣ ತಂತಿ ದಪ್ಪ ತಂತಿಗೆ ಕೂಡುವ ಜಾಗದಲ್ಲಿ ಬೆಸುಗೆ ಬಿಟ್ಟಿತ್ತು. ಉಸಿರು ಬಿಗಿಹಿಡಿದು ಬೆಸೆದರು, ವಾರ್ನಿಷ್ ತುಂಬಿದರು, ಮತ್ತೆ ಬಲ್ಬಿನ ಪೆಟ್ಟಿಗೆಯಲ್ಲಿಟ್ಟು ಒಣಗಿಸಿದರು. ಈಗ ಎಷ್ಟು ಕಾಯಿಸಿದರೂ ಮುಳ್ಳು ಅಲುಗಲಿಲ್ಲ.

ಎರಡನೇ ದಿನ ಕೂರಿಸಿ ಸೆಲ್ಫ್ ಹೊಡೆದರೆ ಎಂಜಿನ್ ಒದ್ದಾಡಿತು. ಸೈಲೆನ್ಸರಿನಿಂದ ಢಂ ಎಂದು ಪಟಾಕಿ ಸದ್ದು. ಎದುರು ಮನೆಯವರು ಮಗ್ಗ ನಿಲ್ಲಿಸಿ ಹೊರಗೆ ಬಂದರು. ಮಾವನಿಗೆ ಸದ್ದು ಕೇಳಿಸದಿದ್ದರೂ ಕಾರು ಕುಲುಕಿದ್ದು ಕಂಡಿತು. ಒಂದು ಗಳಿಗೆ ಗಲ್ಲ ಕೆರೆಯುತ್ತ ನಿಂತು, ಆಮೇಲೆ ಹಣೆ ಚಚ್ಚಿಕೊಂಡರು.

"ಎರಡೇ ತಂತಿ, ಹೆಂಗ್ ಕೊಟ್ರೂ ನಡೆಯುತ್ತೆ ಅಂದ್ಕೊಂಡೆ ಕಣೋ. ಮಗ್ಗದ ಮೋಟಾರು ಉಲ್ಟಾ ತಿರುಗಿದ್ರೆ ಏನ್ ಮಾಡ್ತೀವಿ? ಎರಡು ತಂತಿ ಅದಲು ಬದಲು. ಇವನಿಗೂ ಅಷ್ಟೇ, ಉಲ್ಟಾ ಹೇಳ್ಕೊಡ್ತಾ ಅವ್ನೆ."

ಅದಲು ಬದಲು ಮಾಡಿ ಹೊಡೆದರೆ ಮೊದಲ ಏಟಿಗೇ ಹತ್ತಿಕೊಂಡಿತು.

ಆ ಮಧ್ಯಾಹ್ನ ಮಾವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ನಲ್ಲೂರಿನವರೆಗೂ ಹೋದೆ. ಒಗೆದ ಶರ್ಟು ಹಾಕಿಕೊಂಡು ಬಂದಿದ್ದರು. ದಾರಿಯುದ್ದಕ್ಕೂ ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಒತ್ತಿಟ್ಟುಕೊಂಡೇ ಇದ್ದರು. ಎಂಜಿನ್ ಓಡುತ್ತಿರುವುದು ಅವರಿಗೆ ಗೊತ್ತಾಗುತ್ತಿದ್ದದ್ದು ಹಾಗೆ. ಹುಣಸೆತೋಪಿನ ಹತ್ತಿರ, ಮೊದಲ ಸಲ ನಿಂತಿದ್ದ ಜಾಗದಲ್ಲೇ, ಬೇಕೆಂದೇ ಬಿಸಿಲಲ್ಲಿ ನಿಲ್ಲಿಸಿ ಎಂಜಿನ್ ಓಡಲು ಬಿಟ್ಟೆವು. ಒಂದು ಗಂಟೆ ಓಡಿತು, ನಿಲ್ಲಲಿಲ್ಲ. ಮರದ ಕೆಳಗೆ ಹುಣಸೆ ಚಿಗುರು ಅಗಿಯುತ್ತ ಕೂತಿದ್ದಾಗ ಮಾವ ಒಂದು ಮಾತು ಕೇಳಿದರು. ಅವರು ನನ್ನಿಂದ ಕೇಳಿದ್ದು ಜೀವಮಾನದಲ್ಲಿ ಅದೊಂದೇ.

"ಯಜಮಾನ್ರ ಶೆಡ್ಡಿನ ಮೋಟಾರೆಲ್ಲ ಬೆಂಗಳೂರಿಗೆ ಹೋಗ್ತವೆ ಸುತ್ಸೋಕೆ. ಕಿವುಡನ ಕೈಗೆ ಯಾಕೆ ಕೊಡೋದು ಅಂತ ಅವರಿಗೆ. ಇದನ್ನ ಮಾಡಿದ್ದು ನಾನು ಅಂತ ಒಂದು ಮಾತು ಅವರ ಕಿವೀಲಿ ಹಾಕಪ್ಪ. ಆಮೇಲೆ ಕೊಡೋದು ಬಿಡೋದು ಅವರಿಷ್ಟ."

"ಹೇಳ್ದೆ ಇರ್ತೀನಾ ಮಾವ" ಎಂದೆ. ನಿಜವಾಗಿಯೂ ಹೇಳಬೇಕೆಂದೇ ಇದ್ದೆ...

ಮೂರನೇ ದಿನ ಸಂಜೆಗೆ ಬರಬೇಕಿದ್ದ ಯಜಮಾನರು ಬೆಳಿಗ್ಗೆಯೇ ಬಂದರು. ಕಾರು ಮನೆಯಲ್ಲಿಲ್ಲ, ನೇಯುವವರ ಬೀದಿಯಲ್ಲಿ ಬಿಚ್ಚಿ ಹಾಕಿದ್ದಾರೆ ಅಂತ ಯಾರೋ ಚಾಡಿ ಹೇಳಿದ್ದರು. ಯಾರದೋ ಸ್ಕೂಟರಿನ ಹಿಂದೆ ಕೂತು ಬಂದು ನಮ್ಮ ಮನೆ ಮುಂದೆ ಇಳಿದರು. ನಾನು ಕಾರು ಒರೆಸುತ್ತಿದ್ದೆ. ಆಗಷ್ಟೇ ಕರೆಂಟ್ ಹೋಗಿ ಬೀದಿಯಲ್ಲಿ ಮಗ್ಗಗಳೆಲ್ಲ ನಿಂತಿದ್ದವು. ಯಜಮಾನರು ಎದುರು ಸಾಲಿಗೆ ಬೆನ್ನು ಮಾಡಿ ನಿಂತರು. ಅವರ ಹೆಗಲ ಆಚೆ ಮಾವನ ಅಂಗಡಿ ನನಗೆ ಕಾಣುತ್ತಿತ್ತು. ಮಾವ ಬಾಗಿಲಲ್ಲಿ ಕೂತು ಯಾವುದೋ ಮೋಟಾರಿನ ಹಳೆ ತಂತಿ ಕೀಳುತ್ತಿದ್ದರು.

"ಯಾವೋನೋ ಬಿಚ್ಚಿದ್ದು?" ಯಜಮಾನರ ಮುಖ ಕೆಂಪಾಗಿತ್ತು.

ನಾನು ಹೆದರಿಕೆಯಲ್ಲೇ ಎಲ್ಲ ಹೇಳಿದೆ. ಸೆನ್ಸರ್ ಅಂದೆ, ಬಿಸಿಯಾದರೆ ಕಡಿಯುತ್ತಿತ್ತು ಅಂದೆ, ನಲ್ಲೂರಿನಲ್ಲಿ ಬಿಸಿಲಲ್ಲಿ ನಿಲ್ಲಿಸಿ ನೋಡಿದ್ದೂ ಹೇಳಿದೆ. ಸೀಮೆಎಣ್ಣೆ ಅಲ್ಲ ಯಜಮಾನ್ರೇ, ಬೇಕಾದ್ರೆ ಈಗಲೇ ಎಲ್ಲಿಗೆ ಬೇಕಾದ್ರೂ ಹೊರಡಿ ಎಂದೆ. ಹೇಳುತ್ತ ಹೋದಂತೆ ಅವರ ಮುಖದ ಬಿಗುವು ಸಡಿಲವಾಯಿತು. ವ್ಯಾಪಾರಸ್ಥರು, ಸರಕು ಗೊತ್ತಾಗುತ್ತಿತ್ತು ಅವರಿಗೆ.

"ಬೆಂಗಳೂರೋರಿಗೇ ಸಿಕ್ಕಿರ್ಲಿಲ್ವಲ್ಲೋ. ಯಾರು ಕಂಡುಹಿಡಿದಿದ್ದು ಇದನ್ನ?"

ಮಗ್ಗದ ಮೋಟಾರು ಸುತ್ತುವವರು, ಕಿವಿ ಕೇಳಿಸದವರು, ನಿಮ್ಮ ಹೊಸ ಕಾರಿನ ಸಾಮಾನನ್ನು ಬ್ಲೇಡಿನಲ್ಲಿ ಸೀಳಿದರು ಅಂತ ಹೇಳಬೇಕಿತ್ತು. ಹೇಳಿದರೆ ಆರಿದ ಸಿಟ್ಟು ಮತ್ತೆ ಏರುತ್ತದೇನೋ ಅನಿಸಿತು. ಅದು ಹೆದರಿಕೆ. ಬರೀ ಹೆದರಿಕೆಯೇ ಆಗಿದ್ದರೆ ಇವತ್ತು ನನ್ನನ್ನು ನಾನೇ ಕ್ಷಮಿಸಿಕೊಳ್ಳುತ್ತಿದ್ದೆ. ಅವರ ಕಣ್ಣಲ್ಲಿ ಆಗ ನನ್ನ ಬಗ್ಗೆ ಮೂಡಿದ್ದ ಬೆರಗು ನನಗೆ ಬೇಕಾಗಿಬಿಟ್ಟಿತು. ಮೂರು ದಿನದ ಹಿಂದೆ ಕಳ್ಳ ಅಂದವರು ಅವರು.

ದನಿ ತಗ್ಗಿಸಿ, "ನಾನೇ ಯಜಮಾನ್ರೇ" ಅಂದೆ.

ಕಿವುಡರು ದೂರದಲ್ಲಿದ್ದಾಗ ದನಿ ತಗ್ಗಿಸಿದ ಮೂರ್ಖ ನಾನು. ದನಿಯನ್ನಷ್ಟೇ ತಗ್ಗಿಸಿದೆ, ಮುಖ ತಿರುಗಿಸಲು ತೋಚಲಿಲ್ಲ. ಹುಟ್ಟಿದ್ದು ಬೆಳೆದದ್ದೆಲ್ಲ ಅದೇ ಬೀದಿಯಲ್ಲಿ...

ಯಜಮಾನರು ನನ್ನ ಭುಜ ತಟ್ಟಿದರು. "ತಲೆ ಐತೆ ಕಣೋ ನಿಂಗೆ. ನಾನು ಅಂದಿದ್ದು ಮನಸ್ಸಿಗೆ ಹಚ್ಕೋಬೇಡ." ಅವರು ಹೋದ ಮೇಲೆ ಎದುರು ನೋಡಿದೆ. ಮಾವ ತಲೆ ಬಗ್ಗಿಸಿ ತಂತಿ ಕೀಳುತ್ತಲೇ ಇದ್ದರು. ಸದ್ಯ, ನೋಡಿಲ್ಲ ಅಂದುಕೊಂಡೆ.

ಮಧ್ಯಾಹ್ನ ಅವರೇ ಬಂದರು. ನನ್ನ ಎದುರು ನಿಂತು ಮುಖ ನೋಡುತ್ತ ಕೇಳಿದರು. "ಏನಂದ್ರಪ್ಪ ಯಜಮಾನ್ರು? ಹೇಳಿದ್ಯಾ?"

"ಹೇಳ್ದೆ ಮಾವ. ನೋಡೋಣ ಅಂದ್ರು."

ನನ್ನ ತುಟಿಯ ಮೇಲಿಂದ ಕಣ್ಣು ತೆಗೆದರು. "ಸರಿ ಬಿಡು. ಕೆಲ್ಸ ಉಳೀತಲ್ಲ, ಅಷ್ಟು ಸಾಕು" ಎಂದು ಹೋದರು.

ಹದಿನೈದು ದಿನಕ್ಕೆ ಹೊಸ ಸೆನ್ಸರ್ ಬಂತು. ಅದನ್ನು ಕೂರಿಸುವಾಗ ಯಜಮಾನರು ವರ್ಕ್‌ಶಾಪಿನವರ ಮುಂದೆಯೇ "ಇದನ್ನ ಹಿಡಿದಿದ್ದು ನಮ್ಮ ಡ್ರೈವರ್ರು" ಎಂದು ಜಂಬ ಕೊಚ್ಚಿಕೊಂಡರು. ಊರಿಗೆಲ್ಲ ಹಬ್ಬಿತು. ಬೇರೆಯವರ ಕಾರುಗಳನ್ನೂ ನನಗೇ ತೋರಿಸತೊಡಗಿದರು. ಗೊತ್ತಾಗದಿದ್ದಾಗ ಮಾವನ ಹತ್ತಿರವೇ ಓಡುತ್ತಿದ್ದೆ, ಅವರು ಬೇಸರವಿಲ್ಲದೆ ಹೇಳಿಕೊಡುತ್ತಿದ್ದರು. ಇದು ಎರಡು ತಂತಿಯದು, ಮೀಟರಿಗೆ ಸುತ್ತು ತೋರಿಸುತ್ತೆ. ಇದು ಮೂರು ತಂತಿಯದು, ಇದರ ಜಾತಿ ಬೇರೆ, ಸುತ್ತಿನ ಥರ ಅಳೀಬೇಡ. ಮೂತಿಗೆ ಕಬ್ಬಿಣದ ಪುಡಿ ಅಂಟಿದ್ರೆ ಮೊದಲು ಒರೆಸು, ಆಮೇಲೆ ಬೈಯಿ. ಕೆಲವು ವರ್ಷಕ್ಕೆ ಡ್ರೈವರ್ ಕೆಲಸ ಬಿಟ್ಟು ಅಂಗಡಿ ಹಾಕಿದೆ. ಪೂಜೆಯ ದಿನ ಮಾವ ಬಂದು ಎಲ್ಲರ ಹಿಂದೆ ನಿಂತಿದ್ದರು. ಯಜಮಾನರ ಶೆಡ್ಡಿನ ಮೋಟಾರುಗಳು ಬೆಂಗಳೂರಿಗೆ ಹೋಗುತ್ತಲೇ ಇದ್ದವು.

ನಾನು ಹೇಳಬಹುದಾಗಿದ್ದ ದಿನಗಳು ಎಷ್ಟೋ ಇದ್ದವು. ಇವತ್ತು ಬೇಡ, ನಾಳೆ ಅನ್ನುತ್ತ ಹೋದೆ. ಆಮೇಲೆ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಅನ್ನುತ್ತಾರಲ್ಲ ಎಂಬ ಇನ್ನೊಂದು ಹೆದರಿಕೆ ಹುಟ್ಟಿಕೊಂಡಿತು.

ಮಾವನ ಕಣ್ಣು ಮಂಜಾಗತೊಡಗಿ ಸಣ್ಣ ತಂತಿ ಕಾಣದಾಯಿತು. ಅಂಗಡಿ ಮುಚ್ಚಿ, ಹಿಂದೂಪುರದಲ್ಲಿದ್ದ ಮಗಳ ಮನೆಗೆ ಹೊರಟರು. ಹೊರಡುವ ಹಿಂದಿನ ದಿನ ನನ್ನ ಅಂಗಡಿಗೆ ಬಂದು, ಟವಲಿನಲ್ಲಿ ಸುತ್ತಿಕೊಂಡು ತಂದಿದ್ದ ಆ ಮುಳ್ಳಿನ ಮೀಟರನ್ನು ಮೇಜಿನ ಮೇಲಿಟ್ಟರು.

"ನಿಂಗೇ ಬೇಕಾಗುತ್ತೆ ಇಟ್ಕೋ. ಇದು ಸುಳ್ಳು ಹೇಳಲ್ಲ, ಸೆಲ್ಲು ಮಾತ್ರ ಬದಲಾಯಿಸ್ತಾ ಇರು."

ಅವರು ತೀರಿಕೊಂಡ ಸುದ್ದಿ ಬಂದು ಈಗ ಐದಾರು ವರ್ಷ ಆಗಿರಬೇಕು. ಕೆಲಸದ ನೆಪ ಹೇಳಿ ನಾನು ಹೋಗಲಿಲ್ಲ.

ಆ ದಿನ ವೈಂಡಿಂಗ್ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಾಗ ಇನ್ನು ತಡೆಯಲಾರೆ ಅನಿಸಿತು. ಇದನ್ನೆಲ್ಲ ಬರೆದುಬಿಡಬೇಕು, ಅವರ ಹೆಸರು ಹಾಕಿ ಬರೆಯಬೇಕು ಅಂದುಕೊಂಡೆ. ಅತ್ತೆಯನ್ನು ಒಂದು ಮಾತು ಕೇಳೋಣವೆಂದು ಭಾನುವಾರ ಹಿಂದೂಪುರಕ್ಕೆ ಹೋದೆ. ಅತ್ತೆ ತುಂಬ ಸಣ್ಣಗಾಗಿದ್ದಾರೆ. ನನ್ನ ಗುರುತು ಹಿಡಿದು ಕೈ ಹಿಡಿದುಕೊಂಡು ಕೂರಿಸಿದರು. ಅಂದಿನ ಸುಳ್ಳನ್ನು ಅವರೆದುರು ಒಪ್ಪಿಕೊಂಡೆ. ಮಾವನಿಗೆ ಗೊತ್ತಾಗಲೇ ಇಲ್ಲ ಅತ್ತೆ, ಅದೇ ನನ್ನ ಸಂಕಟ ಎಂದೆ.

ಅತ್ತೆ ಇಲ್ಲವೆಂದು ತಲೆಯಾಡಿಸಿದರು.

"ಗೊತ್ತಿಲ್ದೆ ಏನಪ್ಪ. ನೀನು ಯಜಮಾನ್ರಿಗೆ 'ನಾನೇ' ಅಂದಿದ್ದು ಅಲ್ಲೇ ಕೂತ್ಕೊಂಡು ನೋಡಿದ್ರು. ಕರೆಂಟ್ ಹೋಗಿದ್ರೆ ಅವರಿಗೇನು, ಇದ್ರೆ ಅವರಿಗೇನು? ಊಟಕ್ಕೆ ಬಂದೋರು ತಟ್ಟೆ ಪಕ್ಕಕ್ಕೆ ತಳ್ಳಿದ್ರು. 'ಹೆದರ್ಕೊಂಡು ಅಂದಿರ್ತಾನೆ. ನಾನೇ ಹೋಗಿ ಕೇಳ್ತೀನಿ, ನನ್ಹತ್ರ ನಿಜ ಹೇಳ್ತಾನೆ' ಅಂದ್ರು. ಕೇಳಿ ಬಂದ್ಮೇಲೆ ಏನೂ ಅನ್ಲಿಲ್ಲ ನೋಡು."

ನಾನು ತಲೆ ತಗ್ಗಿಸಿದೆ. ಕೆಳಗೆ ಹುಡುಕಲು ಅಲ್ಲಿ ಯಾವ ಸ್ಪ್ಯಾನರೂ ಇರಲಿಲ್ಲ.

"ಬೇಜಾರಾಗಿತ್ತು ಅವರಿಗೆ" ಎಂದರು ಅತ್ತೆ. "ಆಗಿಲ್ಲ ಅಂತ ನಾನು ಸುಳ್ಳು ಹೇಳಲ್ಲ. ಆದ್ರೆ ನಿನ್ ಮೇಲೆ ಒಂದು ದಿನಾನೂ ಕೆಟ್ಟ ಮಾತಾಡ್ಲಿಲ್ಲ."

ಹೊರಡುವಾಗ ಕೇಳಿಯೇಬಿಟ್ಟೆ. ಮಾವನ ಹೆಸರು ಹಾಕಿ ಬರೀತೀನಿ ಅತ್ತೆ, ಎಲ್ಲರಿಗೂ ಗೊತ್ತಾಗಲಿ ಎಂದೆ. ಅವರು ಹೊಸಲಿನವರೆಗೂ ಬಂದು ನಿಂತರು. ಸಿಟ್ಟಿರಲಿಲ್ಲ ಅವರಿಗೆ, ಸುಸ್ತಾದಂತೆ ಕಂಡರು.

"ಹೇಳೋದಾಗಿದ್ರೆ ಅವರು ಬಂದು ಕೇಳ್ದಾಗ ಹೇಳ್ಬೇಕಿತ್ತು ಕಣಪ್ಪ. ಈಗ ಯಾರಿಗೆ ಹೇಳ್ತೀಯ? ಬೇಡ ಬಿಡು."

ಅದಕ್ಕೇ ಇಲ್ಲಿ ಅವರ ಹೆಸರಿಲ್ಲ. ಅಂಗಡಿಯಲ್ಲಿ ಮಾತ್ರ ಈಗ ಯಾರಾದರೂ ಮೊದಲು ಹಿಡಿದವನು ಇವನೇ ಅಂದರೆ, ನಾನು ಬಗ್ಗುವುದಿಲ್ಲ. ಕೆಲಸ ನಿಲ್ಲಿಸಿ, ಅವರ ಮುಖ ನೋಡಿ, "ನಾನಲ್ಲ, ನಮ್ಮ ಬೀದಿಯ ವೈಂಡಿಂಗ್ ಮಾವ" ಅನ್ನುತ್ತೇನೆ. ಯಾವ ಮಾವ ಎಂದು ಈಗಿನವರಿಗೆ ಗೊತ್ತಿಲ್ಲ. ಹೌದಾ ಎಂದು ಮೊಬೈಲ್ ನೋಡುತ್ತಾರೆ. ಮೇಜಿನ ಮೇಲೆ ಬಿಂದಿ ಅಂಟಿಸಿದ ಮೀಟರು ಇದೆ; ಸೆಲ್ಲು ಬದಲಾಯಿಸುತ್ತಲೇ ಇದ್ದೇನೆ.